ಕಾರಿಗೆ ವ್ಯಾಕ್ಸ್: ಕೈಯಲ್ಲಿ ಹಚ್ಚಬೇಕೋ, ಮಷಿನ್‌ನಲ್ಲೋ?

ಆಯುಧಪೂಜೆಗೆ ಎರಡು ದಿನ ಇರುವಾಗ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದರೆ ದೊಡ್ಡ ಜಾತ್ರೆ. ಒಬ್ಬರು ಹಳೇ ಬನಿಯನ್ನಿನಲ್ಲಿ ಬಾನೆಟ್ ತಿಕ್ಕುತ್ತಿರುತ್ತಾರೆ. ಇನ್ನೊಬ್ಬರು ರೊಟ್ಟಿಗೆ ಬೆಣ್ಣೆ ಮೆತ್ತಿದ ಹಾಗೆ ಇಡೀ ಕಾರಿಗೆ ವ್ಯಾಕ್ಸ್ ಮೆತ್ತಿ, ‘ಒಣಗಲಿ’ ಅಂತ ಕಾಫಿಗೆ ಹೋಗಿರುತ್ತಾರೆ. ಹೋದ ವರ್ಷ ಎರಡನೇ ಮಹಡಿಯ ಅಂಕಲ್ ಗೋಡೆ ಕೊರೆಯುವ ಡ್ರಿಲ್ಲಿಗೆ ಉಣ್ಣೆಯ ಪ್ಯಾಡ್ ಸಿಕ್ಕಿಸಿಕೊಂಡು ಇಳಿದು ಬಂದರು. ‘ಕೈ ಯಾಕೆ ನೋಯಿಸ್ಕೋತೀಯ ಕಣಯ್ಯಾ, ಹತ್ತು ನಿಮಿಷದ ಕೆಲಸ’ ಎಂದರು. ಹತ್ತು ನಿಮಿಷವೂ ಆಗಲಿಲ್ಲ. ಬಾನೆಟ್ಟಿನ ಅಂಚಿನಲ್ಲಿ ಹೆಬ್ಬೆರಳಗಲ ಕೆಂಪು ಬಣ್ಣ ಹೋಗಿ ಒಳಗಿನ ಬೂದು ಪ್ರೈಮರ್ ಕಾಣಿಸಿತು. ಆ ವರ್ಷ ಅವರು ಕುಂಕುಮ ಇಟ್ಟಿದ್ದು ಸರಿಯಾಗಿ ಅದರ ಮೇಲೇ.

ಅಂಕಲ್ ಮಾಡಿದ ತಪ್ಪು ಮಷಿನ್ ಹಿಡಿದಿದ್ದಲ್ಲ, ಪಾಲಿಶ್ ಮತ್ತು ವ್ಯಾಕ್ಸ್ ಒಂದೇ ಅಂದುಕೊಂಡಿದ್ದು. ಅವರ ಕೈಯಲ್ಲಿದ್ದ ಡಬ್ಬಿ ರಬ್ಬಿಂಗ್ ಕಾಂಪೌಂಡಿನದು, ಅಂದರೆ ಒರಟು ಜಾತಿಯ ಪಾಲಿಶ್.

ಮೊದಲು ಇದನ್ನು ಬಿಡಿಸಿಕೊಳ್ಳೋಣ. ಪಾಲಿಶ್‌ನಲ್ಲಿ, ಕಾಂಪೌಂಡಿನಲ್ಲಿ ಸಣ್ಣ ಉಜ್ಜುಪುಡಿ ಇರುತ್ತದೆ. ಅದು ಪೇಂಟಿನ ಮೇಲ್ಪದರವನ್ನು ಒಂದಿಷ್ಟು ಕೆರೆದು ಗೀರುಗಳನ್ನು ಸಮ ಮಾಡುತ್ತದೆ. ಅಂದರೆ ಪಾಲಿಶ್ ತೆಗೆಯುವ ಕೆಲಸ. ವ್ಯಾಕ್ಸ್ ಹಚ್ಚುವ ಕೆಲಸ, ಪೇಂಟಿನ ಮೇಲೆ ಒಂದು ತೆಳು ಹೊದಿಕೆ. ಅದು ಗೀರನ್ನು ತೆಗೆಯುವುದಿಲ್ಲ, ತುಂಬ ಸಣ್ಣದಿದ್ದರೆ ಸ್ವಲ್ಪ ದಿನ ಮುಚ್ಚಿಡುತ್ತದೆ ಅಷ್ಟೇ. ಈಗಿನ ಕಾರುಗಳಲ್ಲಿ ಬಣ್ಣದ ಮೇಲಿರುವ ಪಾರದರ್ಶಕ ಕ್ಲಿಯರ್ ಕೋಟ್ ಸುಮಾರು 35ರಿಂದ 50 ಮೈಕ್ರಾನ್ ದಪ್ಪ. ತಲೆಕೂದಲೇ 70 ಮೈಕ್ರಾನ್ ಹತ್ತಿರ ಇರುತ್ತದೆ. ಕೂದಲಿಗಿಂತ ತೆಳುವಾದ ಆ ಪದರ ಹೋದರೆ ಮತ್ತೆ ಬರುವುದಿಲ್ಲ, ಪೇಂಟ್ ಬೂತಿಗೇ ಹೋಗಬೇಕು.

ಹಾಗಾಗಿ ನನ್ನ ಲೆಕ್ಕ ಇಷ್ಟು: ಪಾಲಿಶ್ ಮಾಡಲು ಮಷಿನ್ ಬೇಕು, ವ್ಯಾಕ್ಸ್ ಹಚ್ಚಲು ಕೈ ಸಾಕು. ಪಾಲಿಶ್‌ಗೆ ಒಂದೇ ಸಮನೆ ಉಜ್ಜುವ ಬಲ ಬೇಕು, ಅದು ನಮ್ಮ ತೋಳಿಗೆ ಆಗುವ ಮಾತಲ್ಲ. ವ್ಯಾಕ್ಸ್‌ಗೆ ಬಲವೇ ಬೇಡ.

ತೊಳೆಯುವುದು

ಇದನ್ನು ಉದ್ದ ಮಾಡುವುದಿಲ್ಲ. ಕಾರ್ ಶಾಂಪೂ, ಎರಡು ಬಕೆಟ್ (ಒಂದರಲ್ಲಿ ನೊರೆ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು), ಮೇಲಿನಿಂದ ಕೆಳಗೆ. ಚಕ್ರ ಒರೆಸಿದ ಬಟ್ಟೆ ಬಾಡಿಗೆ ತಾಗಬಾರದು. ಹಳೇ ವ್ಯಾಕ್ಸ್ ಪೂರ್ತಿ ಹೋಗಬೇಕು ಅಂತಿದ್ದರೆ ಆ ಒಂದು ಸಲ ಮಾತ್ರ ಪಾತ್ರೆ ತೊಳೆಯುವ ಲಿಕ್ವಿಡ್ ಬಳಸಬಹುದು. ವಾರ ವಾರ ಅದರಲ್ಲೇ ತೊಳೆದರೆ ಹಚ್ಚಿದ ವ್ಯಾಕ್ಸೂ ವಾರ ವಾರ ಹೋಗುತ್ತದೆ. ಬೋರ್‌ವೆಲ್ ನೀರಾದರೆ ಹಾಗೇ ಒಣಗಲು ಬಿಡಬೇಡಿ, ಬಿಳಿ ಕಲೆ ಕೂರುತ್ತದೆ. ತೊಳೆದ ತಕ್ಷಣ ಒರೆಸಿ.

ಆಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಕವರ್ ಒಂದನ್ನು ಬೆರಳಿಗೆ ಹಾಕಿಕೊಂಡು ಬಾನೆಟ್ ಮೇಲೆ ಆಡಿಸಿ. ಬರಿಗೈಗೆ ನುಣ್ಣಗಿದ್ದ ಬಾನೆಟ್ ಕವರ್ ಒಳಗಿನ ಬೆರಳಿಗೆ ಬಾಂಬೆ ರವೆ ಚೆಲ್ಲಿದ ಹಾಗೆ ತರಿತರಿ ಅನಿಸಬಹುದು. ಅದು ಪೇಂಟಿಗೆ ಅಂಟಿಕೊಂಡ ಬ್ರೇಕ್ ಪುಡಿ, ರಸ್ತೆ ಟಾರು, ಮರದ ಅಂಟು. ಕ್ಲೇ ಬಾರ್ ಅಂತ ಸಿಗುತ್ತದೆ, ಗೋಧಿ ಹಿಟ್ಟಿನ ಉಂಡೆಯ ಹಾಗೆ ಇರುತ್ತದೆ. ಶಾಂಪೂ ನೀರು ಚಿಮುಕಿಸಿ ಅದನ್ನು ಹಗುರಾಗಿ ಜಾರಿಸಿದರೆ ಎಲ್ಲ ಎತ್ತಿಕೊಂಡು ಬರುತ್ತದೆ. ಕೆಳಗೆ ಬಿತ್ತೋ, ಎಸೆದುಬಿಡಿ. ದುಡ್ಡು ಕೊಟ್ಟಿದ್ದೇವೆ ಅಂತ ಎತ್ತಿಕೊಂಡು ಮತ್ತೆ ಉಜ್ಜಿದರೆ ಮರಳುಕಾಗದ ಉಜ್ಜಿದ ಹಾಗೇ.

ಬಿಸಿಲಿಗೆ ಹಿಡಿದಾಗ ಪೇಂಟಿನ ಮೇಲೆ ಜೇಡರ ಬಲೆಯಂತೆ ಸುತ್ತು ಗೀರುಗಳು ಕಾಣುತ್ತಲ್ಲ, ಅದಕ್ಕೆ ಮುಖ್ಯ ಕಾರಣ ದಿನಾ ಬೆಳಿಗ್ಗೆ ಇಪ್ಪತ್ತು ಕಾರನ್ನು ಒಂದೇ ಬಕೆಟ್ ನೀರು, ಒಂದೇ ಬಟ್ಟೆಯಲ್ಲಿ ಒರೆಸುವ ಪದ್ಧತಿ. ಒರೆಸುವ ಹುಡುಗನದು ತಪ್ಪಲ್ಲ, ಬಟ್ಟೆ ಕೊಡದ ನಮ್ಮದು. ನಾನು ನಮ್ಮ ಹುಡುಗನಿಗೆ ಹೇಳಿಬಿಟ್ಟಿದ್ದೇನೆ, ಗಾಜು ಮಾತ್ರ ಒರೆಸಪ್ಪಾ, ಬಾಡಿ ಮುಟ್ಟಬೇಡ, ದುಡ್ಡು ಅಷ್ಟೇ ಕೊಡ್ತೀನಿ ಅಂತ. ಸಿಗ್ನಲ್‌ನಲ್ಲಿ ಮಾರುವ ದಾರದ ಕುಚ್ಚಿನ ಡಸ್ಟರ್ ಕೂಡ ಇದೇ ಜಾತಿ. ಧೂಳನ್ನು ತೆಗೆಯುವುದಕ್ಕಿಂತ ಎಳೆದಾಡುವುದೇ ಜಾಸ್ತಿ.

ಯಾವ ವ್ಯಾಕ್ಸ್

ಡಬ್ಬಿಯಲ್ಲಿ ಬರುವ ಪೇಸ್ಟ್ ವ್ಯಾಕ್ಸ್ ನನ್ನ ಆಯ್ಕೆ. ಅದರಲ್ಲಿ ಕಾರ್ನೌಬಾ ಅಂತ ಬರೆದಿದ್ದರೆ, ಅದು ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆ ಮರದ ಎಲೆಯಿಂದ ತೆಗೆದ ಮೇಣ. ಜೇನುಮೇಣ 62-64 ಡಿಗ್ರಿಗೆ ಕರಗಿದರೆ ಇದಕ್ಕೆ 80 ಡಿಗ್ರಿ ದಾಟಬೇಕು. ಅಷ್ಟು ಗಟ್ಟಿ ಇರುವುದರಿಂದಲೇ ಡಬ್ಬಿಯಲ್ಲಿ ಅದೊಂದೇ ಇರಲು ಸಾಧ್ಯವಿಲ್ಲ, ಎಣ್ಣೆ, ಸಾಲ್ವೆಂಟ್ (ಮೇಣ ಕರಗಿಸುವ ದ್ರವ) ಬೆರೆಸಲೇಬೇಕು. ‘ನೂರಕ್ಕೆ ನೂರು ಕಾರ್ನೌಬಾ’ ಅಂತ ಮುಚ್ಚಳದ ಮೇಲೆ ಕಂಡರೆ ಡಬ್ಬಿ ವಾಪಸ್ ಇಡಿ. ಮೇಣದ ಬದಲು ಕೃತಕ ಪಾಲಿಮರ್‌ನಿಂದ ಮಾಡಿದ ಸಿಂಥೆಟಿಕ್ ಸೀಲಂಟ್ ಜಾಸ್ತಿ ದಿನ ಬಾಳುತ್ತದೆ, ಆದರೆ ಕಪ್ಪು, ಕೆಂಪು ಕಾರಿಗೆ ಕಾರ್ನೌಬಾ ಕೊಡುವ ತುಂಬು ಹೊಳಪೇ ಬೇರೆ.

ಶಾಂಪೂ, ಪಾಲಿಶ್, ವ್ಯಾಕ್ಸ್ ಮೂರೂ ಒಂದರಲ್ಲೇ ಎನ್ನುವ ಬಾಟಲಿ ತರಬೇಡಿ. ಡ್ಯಾಶ್‌ಬೋರ್ಡಿಗೆ ಹೊಡೆಯುವ ಸ್ಪ್ರೇಯನ್ನು ಬಾನೆಟ್ಟಿಗೂ ಹೊಡೆಯುವವರನ್ನು ನೋಡಿದ್ದೇನೆ. ಅವತ್ತು ಫಳಫಳ, ಮಾರನೇ ದಿನ ಊರ ಧೂಳೆಲ್ಲ ಅದರ ಮೇಲೆ. ಮ್ಯಾಟ್ ಪೇಂಟಿನ ಗಾಡಿಗೆ ವ್ಯಾಕ್ಸ್ ಮುಟ್ಟಿಸಲೇಬಾರದು, ಅಲ್ಲಲ್ಲಿ ಹೊಳೆದು ತೇಪೆ ಹಾಕಿದ ಹಾಗೆ ಕಾಣುತ್ತದೆ. ಟಿಂಕರಿಂಗ್, ಪೇಂಟಿಂಗ್ ಈಗಷ್ಟೇ ಮಾಡಿಸಿದ್ದರೆ ಕಡಿಮೆ ಅಂದರೂ ಒಂದು ತಿಂಗಳು ತಡೆಯಿರಿ, ಹೊಸ ಪೇಂಟಿನೊಳಗಿನ ಸಾಲ್ವೆಂಟ್ ಹೊರಗೆ ಹೋಗಬೇಕು.

ಹಚ್ಚುವುದು: ಎಲ್ಲರೂ ಎಡವುವುದು ಇಲ್ಲೇ

ಕಾರು ನೆರಳಲ್ಲಿರಲಿ. ಬಾನೆಟ್ ಮೇಲೆ ಅಂಗೈ ಹಿಂಭಾಗ ಇಟ್ಟು ನೋಡಿ, ಬೆಚ್ಚಗಿದ್ದರೂ ಬೇಡ. ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ, ರಬ್ಬರ್ ಪಟ್ಟಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಹತ್ತು ನಿಮಿಷದ ಸೋಮಾರಿತನಕ್ಕೆ ಇದನ್ನು ಬಿಟ್ಟರೆ, ಆ ಪ್ಲಾಸ್ಟಿಕ್ ಮೇಲೆ ಬಿಳಿ ಕಲೆ ಕೂತು ಟೂತ್‌ಬ್ರಶ್ ಹಿಡಿದು ಒಂದು ಗಂಟೆ ಉಜ್ಜಬೇಕಾಗುತ್ತದೆ.

ಈಗ ಸ್ಪಂಜಿನ ಪ್ಯಾಡ್ ತಗೊಂಡು ಡಬ್ಬಿಯ ಮೇಲೆ ಒತ್ತದೆ ಅರ್ಧ ಸುತ್ತು ತಿರುಗಿಸಿ. ಸಾಕು. ‘ಇಷ್ಟೇನಾ?’ ಅನಿಸುತ್ತದೆ. ಹೌದು, ಇಷ್ಟೇ. ದೋಸೆ ಕಾವಲಿಗೆ ಅರ್ಧ ಹೋಳು ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಸವರುತ್ತಾರಲ್ಲ, ಆ ಹದ. ಎಣ್ಣೆ ಕಾಣುವುದಿಲ್ಲ, ಆದರೆ ಕಾವಲಿ ಒಣಗಿಲ್ಲ ಅಂತ ಗೊತ್ತಾಗುತ್ತದೆ. ವ್ಯಾಕ್ಸ್ ಕೂಡ ಹಾಗೆ. ಹಚ್ಚಿದ ಮೇಲೆ ಕೆಳಗಿನ ಬಣ್ಣ ಸ್ವಲ್ಪ ಮಂಜು ಕವಿದ ಹಾಗೆ ಕಾಣಬೇಕು. ಬಿಳೀ ಸುಣ್ಣ ಬಳಿದ ಹಾಗೆ ಕಂಡರೆ ಜಾಸ್ತಿ ಆಯಿತು. ದಪ್ಪ ಹಚ್ಚಿದರೆ ಜಾಸ್ತಿ ದಿನ ಬರುತ್ತದೆ ಅನ್ನುವುದು ಸುಳ್ಳು. ಪೇಂಟಿಗೆ ಹತ್ತಿಕೊಳ್ಳುವುದು ಅಡಿಯ ತೆಳು ಪದರ ಮಾತ್ರ. ಮಿಕ್ಕಿದ್ದೆಲ್ಲ ನಿಮ್ಮ ಬಟ್ಟೆಗೇ ಹೋಗುತ್ತದೆ, ಅದೂ ತೋಳು ಬಿದ್ದುಹೋಗುವಷ್ಟು ಉಜ್ಜಿಸಿಕೊಂಡು. ಒಂದು ಸಣ್ಣ ಕಾರಿಗೆ ಎರಡು ಚಮಚ ದಾಟಿದರೆ ನೀವು ಮೆತ್ತುತ್ತಿದ್ದೀರಿ ಅಂತಲೇ ಅರ್ಥ. ನನ್ನ ಡಬ್ಬಿ ಮೂರನೇ ವರ್ಷದಲ್ಲಿದೆ.

ಸುತ್ತ ಸುತ್ತ ತಿರುಗಿಸಿ ಹಚ್ಚಬೇಕೋ, ನೇರ ಗೆರೆಯಲ್ಲೋ ಅಂತ ವಾದ ಮಾಡುವವರಿದ್ದಾರೆ. ನಾನು ನೇರ ಎಳೆಯುತ್ತೇನೆ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಎಲ್ಲಿ ಬಿಟ್ಟೆ ಅಂತ ತಿಳಿಯುತ್ತದೆ, ಪ್ಯಾಡಿನಲ್ಲಿ ಒಂದು ಮರಳಿನ ಕಣ ಸಿಕ್ಕಿಕೊಂಡಿದ್ದರೂ ಆಗುವ ಗೀರು ನೇರವಾಗಿರುತ್ತದೆ, ಸುತ್ತು ಗೀರಿನಷ್ಟು ಎದ್ದು ಕಾಣುವುದಿಲ್ಲ.

ಅರ್ಧ ಬಾನೆಟ್ ಆಯಿತೇ? ನಿಲ್ಲಿಸಿ. ಇಡೀ ಕಾರಿಗೆ ಹಚ್ಚಿ ಆಮೇಲೆ ಒರೆಸೋಣ ಅನ್ನಬೇಡಿ. ನಾನು ಮೊದಲ ಸಲ ಹಾಗೇ ಮಾಡಿದೆ. ಏಪ್ರಿಲ್ ತಿಂಗಳು, ಕಪ್ಪು ಕಾರು. ಹಚ್ಚಿ ಮುಗಿಸಿ ಊಟಕ್ಕೆ ಹೋದೆ. ಬರುವಷ್ಟರಲ್ಲಿ ವ್ಯಾಕ್ಸ್ ಕಲ್ಲಾಗಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೂ ಡಿಕ್ಕಿ ಬಾಗಿಲಿನ ಹತ್ತಿರ ಉಜ್ಜುತ್ತಲೇ ಇದ್ದೆ. ನಿಮಗೂ ಹಾಗಾದರೆ ಒಂದು ಉಪಾಯ ಇದೆ: ಗಟ್ಟಿಯಾದ ಜಾಗದ ಮೇಲೆ ಹೊಸದಾಗಿ ಒಂಚೂರು ವ್ಯಾಕ್ಸ್ ಹಚ್ಚಿ, ತಕ್ಷಣ ಒರೆಸಿ. ಹೊಸದರಲ್ಲಿನ ಸಾಲ್ವೆಂಟ್ ಹಳೆಯದನ್ನು ಮೆತ್ತಗೆ ಮಾಡಿ ಬಿಡಿಸಿಕೊಂಡು ಬರುತ್ತದೆ. ಅವತ್ತು ಇದು ನನಗೆ ಗೊತ್ತಿರಲಿಲ್ಲ.

ಒರೆಸುವ ಹೊತ್ತು

ಡಬ್ಬಿಯ ಮೇಲೆ ‘5ರಿಂದ 10 ನಿಮಿಷ’ ಅಂತ ಇರುತ್ತದೆ. ಅದನ್ನು ನಂಬಿ ಗಡಿಯಾರ ನೋಡುತ್ತಾ ಕೂರಬೇಡಿ. ಕಲಬುರಗಿಯ ಬೇಸಿಗೆಯಲ್ಲಿ ಮೂರು ನಿಮಿಷಕ್ಕೇ ಒಣಗಬಹುದು, ಮಂಗಳೂರಿನ ಜುಲೈನಲ್ಲಿ ಇಪ್ಪತ್ತು ನಿಮಿಷ ಆದರೂ ಜಿಗುಟಾಗಿಯೇ ಇರಬಹುದು. ಬೆರಳೇ ಗಡಿಯಾರ. ತೊಳೆದ ಬೆರಳಿನಿಂದ ವ್ಯಾಕ್ಸ್ ಮೇಲೆ ಒಂದು ಗೆರೆ ಎಳೆಯಿರಿ. ಗೆರೆ ಎಳೆದ ಜಾಗದಲ್ಲಿ ಪೇಂಟ್ ಸ್ವಚ್ಛವಾಗಿ ಹೊಳೆದು, ಎರಡೂ ಬದಿಯಲ್ಲಿ ಪುಡಿಯಂಥ ಅಂಚು ಉಳಿದರೆ ಒರೆಸಲು ಹದ ಬಂದಿದೆ. ಎಣ್ಣೆ ಹರಡಿದ ಹಾಗೆ ಕಲಸಿದರೆ ಇನ್ನೂ ಎರಡು ನಿಮಿಷ ಬಿಡಿ.

ಒರೆಸಲು ಮೈಕ್ರೋಫೈಬರ್ ಬಟ್ಟೆಯೇ ಬೇಕು, ಉದ್ದ ಎಳೆಯದು. ಅಂಚಿನ ಲೇಬಲ್ ಕತ್ತರಿಸಿ ತೆಗೆಯಿರಿ, ಗೀರುವುದು ಅದೇ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿಕೊಂಡರೆ ಎಂಟು ಮುಖ ಸಿಗುತ್ತದೆ. ಮೊದಲ ಮುಖದಲ್ಲಿ ಪುಡಿ ತೆಗೆದು, ಹೊಸ ಮುಖ ತಿರುಗಿಸಿ ಹೊಳಪು ಬರಿಸಿ. ಒತ್ತಬೇಡಿ. ಹದವಾಗಿ ಹಚ್ಚಿದ್ದರೆ ಕನ್ನಡಿ ಮೇಲಿನ ಉಸಿರು ಒರೆಸಿದಷ್ಟೇ ಸಲೀಸು. ಮುಗಿದ ಮೇಲೆ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ, ಬಿಟ್ಟುಹೋದ ಕಡೆ ಕಾಮನಬಿಲ್ಲಿನಂಥ ಜಿಡ್ಡು ಕಾಣುತ್ತದೆ. ಎರಡನೇ ಕೋಟು ಹಾಕುವ ಆಸೆ ಇದ್ದರೆ ಮಾರನೇ ದಿನ ಹಾಕಿ. ಮೊದಲ ಸಲ ಬಿಟ್ಟ ಜಾಗ ಮುಚ್ಚಿಕೊಳ್ಳುತ್ತದೆ, ಅದಕ್ಕಿಂತ ಜಾಸ್ತಿ ಲಾಭ ಇಲ್ಲ.

ಮಷಿನ್ ಬೇಕೇ ಬೇಕು ಅನ್ನುವವರಿಗೆ

ಸರಿ. ಆದರೆ ಯಾವ ಮಷಿನ್? ರೋಟರಿಯಲ್ಲಿ ಪ್ಯಾಡ್ ಒಂದೇ ಅಚ್ಚಿನ ಸುತ್ತ ಗಿರಗಿರ ತಿರುಗುತ್ತದೆ. ಒಂದೇ ಜಾಗದಲ್ಲಿ ನಿಂತರೆ ಪೇಂಟ್ ಕಾದು ಸುಡುತ್ತದೆ. ಗ್ಯಾರೇಜಿನಲ್ಲಿ ಕೈಪಳಗಿದವರ ಸಾಮಾನು ಅದು. ಡಿಎ, ಅಂದರೆ ಡ್ಯುಯಲ್ ಆಕ್ಷನ್ ಮಷಿನ್‌ನಲ್ಲಿ ಪ್ಯಾಡ್ ತಿರುಗುವುದರ ಜೊತೆಗೆ ಅಲುಗಾಡುತ್ತದೆ. ಜೋರಾಗಿ ಒತ್ತಿದರೆ ತಿರುಗುವುದನ್ನೇ ನಿಲ್ಲಿಸುತ್ತದೆ. ಮನೆಯಲ್ಲಿ ಬಳಸುವುದಾದರೆ ಇದೊಂದೇ. ಟೈಲ್ಸ್ ಕತ್ತರಿಸುವ ಆಂಗಲ್ ಗ್ರೈಂಡರಿಗೆ ಪ್ಯಾಡ್ ಸಿಕ್ಕಿಸುವ ಜಾಣತನ ಬೇಡ. ಅದು ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗುವ ಸಾಮಾನು, ರೋಟರಿ ಪಾಲಿಶ್ ಮಷಿನ್ನೇ ಮೂರು, ಮೂರೂವರೆ ಸಾವಿರದ ಆಚೆ ಹೋಗುವುದು ಅಪರೂಪ.

ತೀರಾ ಮೆತ್ತನೆಯ ಫೋಮ್ ಪ್ಯಾಡ್, ವೇಗ ಒಂದು ಅಥವಾ ಎರಡು. ಪೇಸ್ಟ್ ಬದಲು ಲಿಕ್ವಿಡ್ ವ್ಯಾಕ್ಸ್, ಪ್ಯಾಡಿನ ಮೇಲೆ ನಾಲ್ಕು ಹನಿ. ಪ್ಯಾಡನ್ನು ಬಾನೆಟ್ ಮೇಲೆ ಇಟ್ಟು ಆಮೇಲೆ ಸ್ವಿಚ್ ಹಾಕಿ, ನಿಲ್ಲಿಸುವಾಗಲೂ ಮೊದಲು ಸ್ವಿಚ್ ಆರಿಸಿ. ಗಾಳಿಯಲ್ಲೇ ಶುರು ಮಾಡಿದರೆ ವ್ಯಾಕ್ಸ್ ನಿಮ್ಮ ಅಂಗಿಗೆ, ಪಕ್ಕದ ಮನೆಯವರ ಕಾರಿಗೆ. ಮಷಿನ್ನಿನ ಭಾರವೇ ಸಾಕು, ಕೈ ಒತ್ತಬಾರದು. ಬಾಗಿಲಿನ ಅಂಚು, ಬಾನೆಟ್ಟಿನ ಏಣು, ಬಂಪರ್ ಮೂಲೆಗಳಲ್ಲಿ ಪೇಂಟ್ ಎಲ್ಲಕ್ಕಿಂತ ತೆಳುವಾಗಿರುತ್ತದೆ, ಅಲ್ಲಿಗೆಲ್ಲ ಕೈಯೇ. ವೈರನ್ನು ಹೆಗಲ ಮೇಲೆ ಹಾಕಿಕೊಳ್ಳಿ, ಬಾಡಿ ಮೇಲೆ ಎಳೆದಾಡಿದರೆ ಅದೂ ಗೀರುತ್ತದೆ.

ಲಾಭ ಎಷ್ಟು? ನನ್ನ ಕಾರಿಗೆ ಕೈಯಲ್ಲಿ ಹಚ್ಚಲು ನಲವತ್ತು ನಿಮಿಷ ಹಿಡಿಯುತ್ತದೆ, ಡಿಎಯಲ್ಲಿ ಇಪ್ಪತ್ತು. ಒರೆಸುವುದು ಎರಡರಲ್ಲೂ ಕೈಯಲ್ಲೇ. ಉಳಿದ ಇಪ್ಪತ್ತು ನಿಮಿಷ ಬೇಸ್‌ಮೆಂಟಿನಲ್ಲಿ ಪ್ಲಗ್ ಪಾಯಿಂಟ್ ಹುಡುಕಿ, ಎಕ್ಸ್‌ಟೆನ್ಷನ್ ಎಳೆದು, ಕೊನೆಗೆ ಪ್ಯಾಡ್ ತೊಳೆಯುವುದರಲ್ಲಿ ಹೋಗುತ್ತದೆ. ಇನ್ನೋವಾದಷ್ಟು ದೊಡ್ಡ ಗಾಡಿ ಇದ್ದರೆ, ಇಲ್ಲ ಭುಜದ ನೋವಿದ್ದರೆ ಮಷಿನ್‌ಗೆ ಅರ್ಥ ಇದೆ. ಸ್ವಿಫ್ಟ್, ಐ20ಗೆ ಇಲ್ಲ.

ಎಷ್ಟು ದಿನ ಬರುತ್ತದೆ? ಬಿಸಿಲಲ್ಲೇ ನಿಲ್ಲುವ ಕಾರಿಗೆ ಕಾರ್ನೌಬಾ ಒಂದೂವರೆ, ಎರಡು ತಿಂಗಳು. ಮಳೆನೀರು ಕೆಸುವಿನ ಎಲೆಯ ಮೇಲಿನ ಹಾಗೆ ಮಣಿಮಣಿಯಾಗಿ ನಿಂತರೆ ವ್ಯಾಕ್ಸ್ ಇದೆ, ಹಾಳೆಯಂತೆ ಹರಡಿಕೊಂಡರೆ ಮುಗಿಯಿತು. ಒರೆಸಿದ ಮೈಕ್ರೋಫೈಬರ್ ಬಟ್ಟೆಗಳನ್ನು ಒಗೆಯುವಾಗ ಕಂಫರ್ಟ್ ಥರದ್ದು ಏನೂ ಹಾಕಬೇಡಿ, ಎಳೆಗಳು ಹೀರುವುದನ್ನೇ ಬಿಡುತ್ತವೆ.

ಇನ್ನು ಪೂಜೆ ದಿನದ ಮಾತು. ಹಚ್ಚುವ ಕೆಲಸ ಹಿಂದಿನ ದಿನವೇ ಮುಗಿದಿರಲಿ. ಗಂಧ, ಕುಂಕುಮ ಗಾಜಿಗೆ, ನಂಬರ್ ಪ್ಲೇಟಿಗೆ ಇಟ್ಟರೆ ಯಾವ ತಕರಾರೂ ಇಲ್ಲ. ಬಾನೆಟ್ಟಿಗೇ ಇಡಬೇಕು ಅಂತ ಮನೆಯಲ್ಲಿ ಅಮ್ಮ ಹೇಳಿದರೆ ಇಡಿ, ಅದಕ್ಕೂ ಸೇರಿಯೇ ವ್ಯಾಕ್ಸ್ ಇರುವುದು. ಹಾರಕ್ಕೆ ಸೆಲ್ಲೋಟೇಪ್ ಬೇಡ, ದಾರದಲ್ಲಿ ವೈಪರಿಗೆ ಕಟ್ಟಿ. ಸಂಜೆ ಒಣಗಿದ ಗಂಧವನ್ನು ಉಗುರಿನಲ್ಲಿ ಕೆರೆಯದೆ, ಒದ್ದೆ ಬಟ್ಟೆಯನ್ನು ಐದು ನಿಮಿಷ ಅದರ ಮೇಲೆ ಹಾಸಿ ಬಿಡಿ. ನೆನೆದು ತಾನಾಗೇ ಬಿಟ್ಟುಕೊಳ್ಳುತ್ತದೆ.