ಬಟು ಗುಹೆ, ಗೆಂಟಿಂಗ್ ಬೆಟ್ಟ: ಅಮ್ಮನ ಜೊತೆ ಒಂದು ದಿನ

ಮಲೇಷ್ಯಾದ ಕೌಲಾಲಂಪುರದಿಂದ ಬಟು ಗುಹೆ, ಗೆಂಟಿಂಗ್ ಬೆಟ್ಟ ಎರಡನ್ನೂ ಒಂದೇ ದಿನ ನೋಡಬಹುದು. ವಯಸ್ಸಾದವರಿದ್ದರೆ ಇಡೀ ದಿನಕ್ಕೆ ಕಾರು, ಡ್ರೈವರ್ ಗೊತ್ತುಮಾಡಿಕೊಳ್ಳಿ. ಕಾಯುವ ಸಮಯ, ಟೋಲ್, ಪಾರ್ಕಿಂಗ್ ಎಲ್ಲ ಸೇರಿ ಎಷ್ಟು ರಿಂಗಿಟ್ ಅಂತ ಮೊದಲೇ ಕೇಳಿಬಿಡಿ.

ಬಟು ಗುಹೆಗೆ ಬೆಳಿಗ್ಗೆ ಎಂಟರೊಳಗೆ ತಲುಪಿ. ಇದು ಮುಖ್ಯ. ಗುಹೆಯೊಳಗಿನ ದೇವಸ್ಥಾನಕ್ಕೆ 272 ಮೆಟ್ಟಿಲು. ಕಡಿದಾಗಿವೆ, ಬಿಸಿಲೇರಿದರೆ ಹತ್ತುವುದು ಕಷ್ಟ. ನಮ್ಮಮ್ಮನಿಗೆ ಮಂಡಿ ನೋವು. ಕಂಬಿ ಹಿಡಿದು, ನಿಂತು ನಿಂತು ಹತ್ತಿದರು. ಮೇಲೆ ಸುಣ್ಣಕಲ್ಲಿನ ಗುಹೆಯ ಛಾವಣಿಯಿಂದ ಬೆಳಕು ಇಳಿಯುವುದನ್ನು ನೋಡಿ ಕೈಮುಗಿದು ಸುಮ್ನೆ ನಿಂತುಬಿಟ್ಟರು. ಹತ್ತಲಾಗದಿದ್ದರೆ ಬೇಸರ ಬೇಡ. ಕೆಳಗೇ 42.7 ಮೀಟರ್ ಎತ್ತರದ ಮುರುಗನ್ ಇದ್ದಾನೆ, ನಮ್ಮ ಸುಬ್ರಹ್ಮಣ್ಯನೇ ಅಲ್ವಾ! ಮಂಡಿ ಮುಚ್ಚುವ ಬಟ್ಟೆ ಹಾಕಿ. ತಿಂಡಿ, ಪ್ಲಾಸ್ಟಿಕ್ ಚೀಲ ಕಾರಲ್ಲೇ ಇರಲಿ. ಅಮ್ಮನ ಬಾಳೆಹಣ್ಣಿನ ಚೀಲವನ್ನು ಕೋತಿ ಕಿತ್ತುಕೊಂಡಾಗ ಅವರು ಬೀಳುವುದರಲ್ಲಿದ್ದರು.

ಅಲ್ಲಿಂದ ಗೆಂಟಿಂಗ್‌ಗೆ ಸುಮಾರು ಒಂದು ಗಂಟೆ. ಕಾರನ್ನು ಕೆಳಗಿನ ಅವಾನಾ ನಿಲ್ದಾಣದಲ್ಲಿ ಬಿಟ್ಟು ಕೇಬಲ್ ಕಾರ್ ಹತ್ತಿ. ಶನಿವಾರ, ಭಾನುವಾರ ಕ್ಯೂ ಜಾಸ್ತಿ, ಟಿಕೆಟ್ ಆನ್‌ಲೈನ್‌ನಲ್ಲೇ ತೆಗೆದಿಡಿ. ನಡುವೆ ಚಿನ್ ಸ್ವೀ ಅನ್ನೋ ಚೀನೀ ದೇವಸ್ಥಾನದ ನಿಲ್ದಾಣದಲ್ಲಿ ತಪ್ಪದೆ ಇಳಿಯಿರಿ. ಮಂಜಿನಲ್ಲಿ ನಿಂತ ಅಲ್ಲಿನ ಪಗೋಡಾ, ಅಂದರೆ ಅಂತಸ್ತಿನ ಗೋಪುರ, ನನಗೆ ತುದಿಯ ಮಾಲ್, ಕ್ಯಾಸಿನೊಗಳಿಗಿಂತ ಎಷ್ಟೋ ಹೆಚ್ಚು ಇಷ್ಟ. ಮೇಲೆ ಸುಮಾರು 1,800 ಮೀಟರ್ ಎತ್ತರ. ಸ್ವೆಟರ್ ಇಟ್ಟುಕೊಳ್ಳಿ. ಗುಡುಗು ಮಳೆ ಬಂದರೆ ಕೇಬಲ್ ಕಾರ್ ನಿಲ್ಲಿಸುತ್ತಾರೆ, ಹಾಗಾಗಿ ನಾಲ್ಕರ ಹೊತ್ತಿಗೆ ಇಳಿಯಲು ಶುರುಮಾಡಿ.