ಹರಿಕೇನ್ ಹೋದ ಮೇಲೆ ಬೀಚಿಗೆ ಹೊರಟಿರಾ? ನಿಂತ ನೆಲ ಯಾರದು ಅಂತ ಮೊದಲು ತಿಳಿಯಿರಿ

ಹರಿಕೇನ್ ದಾಟಿಹೋದ ಎರಡನೇ ದಿನ. ಕರೆಂಟ್ ಇನ್ನೂ ಬಂದಿಲ್ಲ. ಫ್ರಿಜ್ಜಿನಲ್ಲಿದ್ದ ದೋಸೆ ಹಿಟ್ಟು ಹುಳಿಯಾಗಿ ಉಕ್ಕಿದೆ. ಅಷ್ಟರಲ್ಲಿ ಕನ್ನಡದವರ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬರುತ್ತದೆ. ಯಾರದೋ ಅಂಗೈಯಲ್ಲಿ ಸೊಟ್ಟಗಿನ ಒಂದು ಕಪ್ಪು ಬಿಲ್ಲೆ. ‘ವೀರೋ ಬೀಚಲ್ಲಿ ಸಿಕ್ಕಿತಂತೆ. ಸ್ಪೇನಿನ ಬೆಳ್ಳಿ ನಾಣ್ಯವಂತೆ. ನಾಳೆ ಬೆಳಿಗ್ಗೆ ಹೋಗೋಣ್ವಾ?’

ಫ್ಲೋರಿಡಾದ ಪೂರ್ವ ಕರಾವಳಿಗೆ ಹೊಸದಾಗಿ ಬಂದವರು ಪ್ರತಿ ಮಳೆಗಾಲ ನನ್ನನ್ನು ಇದನ್ನೇ ಕೇಳುತ್ತಾರೆ. ನಾನು ಕುಮಟಾದವಳು, ಈಗ ಫ್ಲೋರಿಡಾದ ಮೆಲ್ಬರ್ನ್‌ನಲ್ಲಿದ್ದೇನೆ. ಮೆಟಲ್ ಡಿಟೆಕ್ಟರ್ ಹಿಡಿದು ಈ ಮರಳಿನಲ್ಲಿ ತುಂಬಾ ನಡೆದಿದ್ದೇನೆ. ಹೋಗಬೇಡಿ ಅಂತ ಯಾರಿಗೂ ಹೇಳುವುದಿಲ್ಲ. ಆದರೆ ಒಂದು ಮಾತು ಮೊದಲೇ ತಲೆಯಲ್ಲಿರಲಿ. ಇಲ್ಲಿನ ಕಾನೂನು ಮೊದಲು ನೆಲವನ್ನು ನೋಡುತ್ತದೆ, ನಾಣ್ಯವನ್ನು ಆಮೇಲೆ. ಅದೇ ನಾಣ್ಯ ಹತ್ತು ಹೆಜ್ಜೆ ಆಚೆ ಸಿಕ್ಕರೆ ಒಂದು ಲೆಕ್ಕ, ಈಚೆ ಸಿಕ್ಕರೆ ಇನ್ನೊಂದು.

ನಮ್ಮ ಊರಲ್ಲಿ ಹೀಗಿಲ್ಲ. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ. ನಿಧಿ ನೆಲದಲ್ಲಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಮನೆ ಪಾಯವಾಗಲಿ, ಹೊಲವಾಗಲಿ, ಅದೇ ಮಾತು. ಇಲ್ಲಿ ಒಂದೇ ಬೀಚಿನಲ್ಲಿ ಖಾಸಗಿ ನೆಲ, ಕೌಂಟಿ (ಇಲ್ಲಿನ ಜಿಲ್ಲೆ), ರಾಜ್ಯ, ಕೇಂದ್ರ ಸರ್ಕಾರ, ಕೋರ್ಟು ಎಲ್ಲರೂ ಪಕ್ಕಪಕ್ಕದಲ್ಲಿದ್ದಾರೆ. ಗೊಂದಲ ಶುರುವಾಗುವುದೇ ಅಲ್ಲಿ.

ನಾಣ್ಯ ಎಲ್ಲಿಂದ ಬರುತ್ತದೆ ಅನ್ನುವುದನ್ನು ಹೇಳಿಬಿಡುತ್ತೇನೆ. 1715ರ ಜುಲೈ 24ರಂದು ಹವಾನಾದಿಂದ ಸ್ಪೇನಿಗೆ 12 ಹಡಗುಗಳು ಹೊರಟವು. ಹನ್ನೊಂದು ಸ್ಪೇನಿನವರ ತಂಡದವು, ಒಂದು ಫ್ರೆಂಚರ ಗ್ರಿಫೋನ್. ಹೊಟ್ಟೆ ತುಂಬಾ ಅಮೆರಿಕ ಖಂಡದ ಬೆಳ್ಳಿ, ಬಂಗಾರ. ಒಂದು ವಾರಕ್ಕೆ, ಜುಲೈ 31ರ ನಸುಕಿನಲ್ಲಿ, ಈಗಿನ ಸೆಬಾಸ್ಟಿಯನ್, ವೀರೋ ಬೀಚ್, ಫೋರ್ಟ್ ಪಿಯರ್ಸ್ ಇರುವ ದಂಡೆಯ ಎದುರಿಗೆ ಹರಿಕೇನ್ ಹಿಡಿಯಿತು. ಹನ್ನೊಂದೂ ಹೋದವು. ಗ್ರಿಫೋನ್ ಮಾತ್ರ ಉಳಿಯಿತು. ಸುಮಾರು ಸಾವಿರ ಜನ ಸತ್ತರು. ಈ ಕರಾವಳಿಗೆ ಮುಂದೆ ಟ್ರೆಷರ್ ಕೋಸ್ಟ್ ಅನ್ನುವ ಹೆಸರು ಬಂದದ್ದು ಆ ಹಡಗುಗಳ ನಿಧಿಯಿಂದಲೇ. ಬೀಚಿಗೆ ಹೋದಾಗಲೆಲ್ಲ ಆ ಸಾವಿರ ಜನ ನನಗೆ ನೆನಪಾಗುತ್ತಾರೆ.

ಹಡಗುಗಳು ಒಡೆದದ್ದು ದಡದ ಹತ್ತಿರವೇ, ಆಳವಿಲ್ಲದ ನೀರಿನಲ್ಲಿ. ಮುನ್ನೂರು ವರ್ಷದಲ್ಲಿ ಬಂದ ಬಿರುಗಾಳಿಗಳು ಅಲ್ಲಿಂದ ಒಂದಿಷ್ಟು ನಾಣ್ಯವನ್ನು ದಂಡೆಗೆ ಎಸೆದಿವೆ. ಅದರ ಮೇಲೆ ಮರಳು ಕೂತಿದೆ. ದೊಡ್ಡ ತೆರೆ ಬಂದು ದಿಬ್ಬವನ್ನು ಕೊರೆದಾಗ ಹಗುರ ಮರಳು ಕೊಚ್ಚಿಹೋಗಿ, ಭಾರದ ಲೋಹ ಕೆಳಗೆ ಉಳಿಯುತ್ತದೆ. ಕಿಪ್ ವ್ಯಾಗ್ನರ್ ಎಂಬ ಕಟ್ಟಡ ಗುತ್ತಿಗೆದಾರರು ಹೀಗೆ ಬೀಚಿನಲ್ಲಿ ನಾಣ್ಯ ಆರಿಸುತ್ತಲೇ ಸಮುದ್ರದಲ್ಲಿದ್ದ ಹಡಗುಗಳ ಜಾಡು ಹಿಡಿದರು. 2004ರಲ್ಲಿ ಫ್ರಾನ್ಸಿಸ್, ಜೀನ್ ಎರಡೂ ಹರಿಕೇನ್‌ಗಳು ಮೂರೇ ವಾರದ ಅಂತರದಲ್ಲಿ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಅಪ್ಪಳಿಸಿದ ಮೇಲಂತೂ ಇಲ್ಲಿನ ಹಳಬರ ಬಾಯಲ್ಲಿ ಅದೇ ಕಥೆ.

ಈಗ ಕಾರಿನಿಂದ ಇಳಿದು ನೀರಿನ ಕಡೆ ನಡೆಯೋಣ.

ಬೀಚ್ ತಲುಪುವ ಮೊದಲೇ ಒಂದು ಅಡ್ಡಿ ಇದೆ. ಈ ಬೀಚುಗಳೆಲ್ಲ ಉದ್ದನೆಯ ದ್ವೀಪಗಳ ಮೇಲಿವೆ. ಹರಿಕೇನ್ ಬಂದಾಗ ದ್ವೀಪ ಖಾಲಿ ಮಾಡಿಸುತ್ತಾರೆ. ಸೇತುವೆ ಮತ್ತೆ ತೆರೆಯುವ ತನಕ, ಕರ್ಫ್ಯೂ ಮುಗಿಯುವ ತನಕ ಕಾಯಲೇಬೇಕು. ತುರ್ತು ಪರಿಸ್ಥಿತಿ ಘೋಷಣೆಯಾಗಿರುವಾಗ ಕಳ್ಳತನದಂಥ ಅಪರಾಧಗಳಿಗೆ ಶಿಕ್ಷೆಯೂ ಜಾಸ್ತಿ. ಚಾವಣಿ ಹಾರಿಹೋದ ಮನೆಯ ಹಿಂದೆ ಗುದ್ದಲಿ, ಚೀಲ ಹಿಡಿದು ನಿಂತವರನ್ನು ಪೊಲೀಸರು ಯಾವ ಕಣ್ಣಿನಲ್ಲಿ ನೋಡುತ್ತಾರೆ, ನೀವೇ ಯೋಚಿಸಿ.

ಆಮೇಲೆ ಮರಳ ದಿಬ್ಬ. ಇದರ ಮೇಲೆ ಕಾಲಿಡಬೇಡಿ, ಅಗೆಯುವ ಮಾತೇ ಬೇಡ. ಮೇಲೆ ಬೆಳೆಯುವ ಸೀ ಓಟ್ಸ್ ಹುಲ್ಲನ್ನು ಕೀಳುವುದೂ ಫ್ಲೋರಿಡಾದಲ್ಲಿ ಅಪರಾಧ. 2022ರ ನವೆಂಬರ್ 10ರಂದು ನಿಕೋಲ್ ಹರಿಕೇನ್ ಬಂದು ಹೋದ ಮೇಲೆ ನಾನೇ ಈ ತಪ್ಪು ಮಾಡಿದೆ. ಬೀಚಿಗಿಳಿಯುವ ಮರದ ಮೆಟ್ಟಿಲು ಮುರಿದಿತ್ತು. ಪಕ್ಕದ ದಿಬ್ಬದ ಅಂಚಿನಿಂದ ಇಳಿಯಲು ಹೋದೆ. ಕೆಳಗೆ ನಿಂತಿದ್ದ ಒಬ್ಬ ಸಿಬ್ಬಂದಿ ಕೂಗಿ ನಿಲ್ಲಿಸಿದರು. ತೆರೆ ಕೊರೆದ ದಿಬ್ಬ ಮೇಲಿಂದ ಗಟ್ಟಿಯಾಗಿ ಕಾಣುತ್ತದೆ, ಒಳಗೆ ಟೊಳ್ಳು. ನಾನು ಹಿಂದೆ ಸರಿದ ಸ್ವಲ್ಪ ಹೊತ್ತಿಗೆ ಅಲ್ಲೇ ಒಂದು ತುಂಡು ಜಾರಿತು. ಕೆಳಗೆ ನಿಂತು ಆ ಗೋಡೆಯ ಬುಡ ಕೆದಕುವುದು ಇನ್ನೂ ಅಪಾಯ. ಮಕ್ಕಳನ್ನು ಅದರ ಹತ್ತಿರ ಬಿಡಲೇಬೇಡಿ.

ದಿಬ್ಬದ ಬುಡದಿಂದ ನೀರಿನ ತನಕ ಇರುವ ಮರಳೇ ನಿಜವಾದ ತಲೆನೋವು. ಫ್ಲೋರಿಡಾ ಸಂವಿಧಾನದ ಪ್ರಕಾರ ಸರಾಸರಿ ಉಬ್ಬರದ ಗೆರೆಯಿಂದ ಕೆಳಗಿನ ಬೀಚ್ ರಾಜ್ಯದ್ದು. ಜನರ ಪರವಾಗಿ ರಾಜ್ಯ ಅದನ್ನು ಕಾಯುತ್ತದೆ. ಈ ಗೆರೆ ಇವತ್ತು ತೆರೆ ಮುಟ್ಟಿ ಒದ್ದೆಯಾದ ಗುರುತಲ್ಲ. 19 ವರ್ಷದ ಉಬ್ಬರದ ಸರಾಸರಿ ತೆಗೆದು ಲೆಕ್ಕ ಹಾಕಿದ್ದು. ಕಣ್ಣಿಗೆ ಕಾಣುವುದಿಲ್ಲ. ಹರಿಕೇನ್ ಆದ ಮೇಲೆ ಬೀಚಿನ ಆಕಾರವೇ ಬದಲಾಗಿರುವುದರಿಂದ ಅಂದಾಜೂ ತಪ್ಪುತ್ತದೆ. ಗೆರೆಯ ಮೇಲಿನ ಒಣ ಮರಳು ಹಲವು ಕಡೆ ಖಾಸಗಿ. ಅಲ್ಲಿ ಮಾಲೀಕರ ಒಪ್ಪಿಗೆ ಬೇಕು, ಬಾಯಿಮಾತಿಗಿಂತ ಬರಹದಲ್ಲಿದ್ದರೆ ಒಳ್ಳೆಯದು. ಕೌಂಟಿ ಅಥವಾ ನಗರದ ಬೀಚ್ ಪಾರ್ಕ್ ಆದರೆ ಅವರವರ ನಿಯಮ. ಹಿಂದಿನ ದಿನವೇ ಪಾರ್ಕ್ ಕಚೇರಿಗೆ ಒಂದು ಫೋನ್ ಮಾಡಿ. ಮೆಟಲ್ ಡಿಟೆಕ್ಟರ್‌ಗೆ ಅವಕಾಶ ಇದೆಯಾ, ಎಲ್ಲಿಂದ ಎಲ್ಲಿಯ ತನಕ, ಅಗೆಯಬಹುದಾ ಅಂತ ಕೇಳಿ. ಉತ್ತರ ಕೊಟ್ಟವರ ಹೆಸರು, ದಿನಾಂಕ ಬರೆದಿಟ್ಟುಕೊಳ್ಳಿ.

ರಾಜ್ಯದ ಪಾರ್ಕುಗಳಲ್ಲಿ ಕೆಲವು ಕರಾವಳಿ ಪಾರ್ಕುಗಳು ಮಾತ್ರ ದಿಬ್ಬದ ಬುಡದಿಂದ ನೀರಿನಂಚಿನ ತನಕ ಡಿಟೆಕ್ಟರ್ ಬಿಡುತ್ತವೆ. ಎಲ್ಲಿ ಅನ್ನುವುದನ್ನು ಪಾರ್ಕ್ ಮ್ಯಾನೇಜರ್ ಹೇಳುತ್ತಾರೆ. ಬಿಟ್ಟರೂ, ಸಿಕ್ಕಿದ್ದೆಲ್ಲ ನಿಮ್ಮದು ಅಂತ ಅರ್ಥವಲ್ಲ. ರಾಜ್ಯದ ಕಾನೂನಿನ 267ನೇ ಅಧ್ಯಾಯ ಹೇಳುವುದು ಇಷ್ಟು: ರಾಜ್ಯದ ನೆಲದಲ್ಲಿ, ರಾಜ್ಯದ ನೀರಿನ ತಳದಲ್ಲಿ ಬಿದ್ದಿರುವ ಚರಿತ್ರೆಯ ವಸ್ತು ರಾಜ್ಯಕ್ಕೆ ಸೇರಿದ್ದು. ಸಾಮಾನ್ಯವಾಗಿ 50 ವರ್ಷ ದಾಟಿದ್ದನ್ನು ಹಾಗೆ ನೋಡುತ್ತಾರೆ. ಪರವಾನಗಿ ಇಲ್ಲದೆ ಎತ್ತಿಕೊಂಡರೆ ಮೊದಲ ದರ್ಜೆಯ ಮಿಸ್‌ಡಿಮೀನರ್, ಅಂದರೆ ಸಣ್ಣ ಅಪರಾಧ. ಅಗೆದು ತೆಗೆದರೆ ಮೂರನೇ ದರ್ಜೆಯ ಫೆಲನಿ, ಅಂದರೆ ಗಂಭೀರ ಅಪರಾಧ. ಬಾಗಿ ಎತ್ತುವುದಕ್ಕೂ ಸಲಿಕೆ ಹಾಕುವುದಕ್ಕೂ ಇಷ್ಟು ವ್ಯತ್ಯಾಸ. ಅಗೆದ ಪ್ರಕರಣದಲ್ಲಿ ಬಳಸಿದ ಸಲಕರಣೆ, ವಾಹನ ಕೂಡ ಕಳೆದುಕೊಳ್ಳಬೇಕಾಗಬಹುದು.

ಇಷ್ಟು ಬಿಗಿ ಯಾಕೆ ಅಂತ ಕೆಲವರು ಸಿಟ್ಟಾಗುತ್ತಾರೆ. ನನಗೆ ಇದು ಸರಿ ಅನ್ನಿಸುತ್ತದೆ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು ನಿಧಿಯಾಸೆಗೆ ಒಡೆದರಲ್ಲ, ಆ ದಿನ ಇಲ್ಲಿ ಕೂತ ನಮಗೂ ಊಟ ಸೇರಲಿಲ್ಲ. ಕಿತ್ತ ಕಲ್ಲನ್ನು ಮತ್ತೆ ಜೋಡಿಸಬಹುದು. ಯಾವುದು ಯಾವುದರ ಪಕ್ಕದಲ್ಲಿತ್ತು ಅನ್ನುವ ಗುರುತು ಅಳಿದರೆ ಮತ್ತೆ ಸಿಗುವುದಿಲ್ಲ. ಇಲ್ಲಿನ ಮರಳಿಗೂ ಅದೇ ಮಾತು. ನಿಕೋಲ್ ಆದ ಮೇಲೆ ಡೇಟೋನಾ ಬೀಚ್ ಶೋರ್ಸ್‌ನಲ್ಲಿ 19ನೇ ಶತಮಾನದ ಒಂದು ಮರದ ಹಡಗಿನ ಪಕ್ಕೆಲುಬುಗಳು ಎದ್ದು ಬಂದವು. ಸೇಂಟ್ ಅಗಸ್ಟಿನ್‌ನ ಪುರಾತತ್ವ ತಂಡ ಬಂದು ಅಳತೆ ತೆಗೆದುಕೊಂಡಿತು, ಚಿತ್ರ ಬರೆದುಕೊಂಡಿತು. ಹಡಗನ್ನು ಅಲ್ಲೇ ಬಿಟ್ಟರು. ಸಮುದ್ರ ಮತ್ತೆ ಮರಳು ಮುಚ್ಚಿತು.

ಕೇಂದ್ರದ ನೆಲಕ್ಕೆ ನಿಯಮ ಇನ್ನೂ ಗಟ್ಟಿ. ಕ್ಯಾನವೆರಲ್ ನ್ಯಾಷನಲ್ ಸೀಶೋರ್‌ನಲ್ಲಿ, ಅಂದರೆ ಪ್ಲಾಯಾಲಿಂಡಾ, ಅಪೋಲೊ ಬೀಚುಗಳಲ್ಲಿ, ಮೆಟಲ್ ಡಿಟೆಕ್ಟರ್ ಕೈಯಲ್ಲಿ ಹಿಡಿದು ಓಡಾಡುವುದೇ ತಪ್ಪು. ಮೆಲ್ಬರ್ನ್ ಬೀಚಿನಿಂದ ವಬಾಸೋ ತನಕ ಆರ್ಚಿ ಕಾರ್ ವನ್ಯಧಾಮದ ತುಂಡುಗಳು ಹರಡಿಕೊಂಡಿವೆ. ಆ ನೆಲದಲ್ಲೂ ಹಳೆಯ ವಸ್ತು ಹುಡುಕಿ ತೆಗೆಯಲು ಅನುಮತಿ ಬೇಕು. ಅದು ಕಡಲಾಮೆಗಳ ಹೆರಿಗೆ ಮನೆ. ನಮ್ಮ ಭಾಗದಲ್ಲಿ ಆಮೆಗಳು ಮೊಟ್ಟೆ ಇಡುವ ಕಾಲ ಮಾರ್ಚ್ 1ರಿಂದ ಅಕ್ಟೋಬರ್ 31. ಹರಿಕೇನ್ ಕಾಲ ಜೂನ್ 1ರಿಂದ ನವೆಂಬರ್ 30. ಎರಡೂ ಒಂದರ ಮೇಲೊಂದು ಬರುತ್ತವೆ. ಹಾಗಾಗಿ ರಾತ್ರಿ ಟಾರ್ಚ್ ಬೇಡ. ಗುರುತಿನ ಕೋಲು ನೆಟ್ಟ ಗೂಡಿನ ಹತ್ತಿರ ಸುಳಿಯಬೇಡಿ. ತೋಡಿದ ಪ್ರತಿ ಗುಂಡಿಯನ್ನೂ ಮುಚ್ಚಿ, ಮರಿಯಾಮೆ ಬಿದ್ದರೆ ಮೇಲೆ ಹತ್ತಲಾರದು.

ನೀರಿಗಿಳಿದರೆ ಕಥೆ ಪೂರ್ತಿ ಬೇರೆ. ಅಟ್ಲಾಂಟಿಕ್ ಕಡೆ ದಡದಿಂದ ಮೂರು ನಾಟಿಕಲ್ ಮೈಲಿ ತನಕ ರಾಜ್ಯದ ನೀರು. 1715ರ ಹಡಗುಗಳ ವಿಚಾರ ಕೇಂದ್ರದ ಕೋರ್ಟಿನ ಸುಪರ್ದಿಯಲ್ಲಿದೆ. ಅಲ್ಲಿ ಹುಡುಕುವ ಹಕ್ಕು ಕ್ವೀನ್ಸ್ ಜ್ಯುವೆಲ್ಸ್ ಎಂಬ ಕಂಪನಿಯದು. ಅವರ ಜೊತೆ ಒಪ್ಪಂದ ಇರುವ ದೋಣಿಗಳು ಬೇಸಿಗೆಯಲ್ಲಿ ಮುಳುಗು ಹಾಕುತ್ತವೆ. ಸಿಕ್ಕಿದ್ದೆಲ್ಲ ಕೋರ್ಟಿನ ಲೆಕ್ಕಕ್ಕೆ ಬರುತ್ತದೆ. ಅದರಲ್ಲಿ ಶೇಕಡಾ 20ರ ತನಕ ರಾಜ್ಯ ತನ್ನ ಮ್ಯೂಸಿಯಂ, ಸಂಶೋಧನೆಗೆ ಇಟ್ಟುಕೊಳ್ಳಬಹುದು. 2025ರ ಬೇಸಿಗೆಯಲ್ಲಿ ಅವರಿಗೆ ಸಾವಿರಕ್ಕೂ ಹೆಚ್ಚು ನಾಣ್ಯ ಸಿಕ್ಕವು, ಬೆಲೆ ಸುಮಾರು ಹತ್ತು ಲಕ್ಷ ಡಾಲರ್. ಮೊಣಕಾಲು ನೀರಲ್ಲಿ ನಿಂತು ಸುಮ್ನೆ ಒಂದು ಎತ್ತಿಕೊಂಡೆ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಹಕ್ಕಿದ್ದವರಿಗೂ ನಡೆಯಲಿಲ್ಲ. 2015ರಲ್ಲಿ ಒಪ್ಪಂದದ ಒಂದು ದೋಣಿಗೆ 101 ಬಂಗಾರದ ನಾಣ್ಯ ಸಿಕ್ಕಿತ್ತು, 51ರ ಲೆಕ್ಕ ಮಾತ್ರ ಕೊಟ್ಟಿದ್ದರು. ಒಂಬತ್ತು ವರ್ಷ ಬಿಟ್ಟು, 2024ರಲ್ಲಿ, ಮುಚ್ಚಿಟ್ಟ ನಾಣ್ಯಗಳಲ್ಲಿ 37 ಅನ್ನು ತನಿಖೆಯವರು ವಶಪಡಿಸಿಕೊಂಡರು.

ನಾಣ್ಯಕ್ಕಿಂತ ಗಂಭೀರವಾದದ್ದೂ ಸಿಗಬಹುದು. ನಿಕೋಲ್ ಆದ ಮೇಲೆ ಮಾರ್ಟಿನ್ ಕೌಂಟಿಯ ಹಚಿನ್ಸನ್ ದ್ವೀಪದಲ್ಲಿ ಮನುಷ್ಯರ ಎಲುಬು, ತಲೆಬುರುಡೆ ಹೊರಬಂದವು. ಇಲ್ಲಿನ ಮೂಲನಿವಾಸಿಗಳ ಹಳೆಯ ಸ್ಮಶಾನ ಇರಬೇಕು ಅಂದರು. ಎಲುಬು ಕಂಡರೆ ಮುಟ್ಟಬೇಡಿ, ಅಲ್ಲೇ ನಿಂತು ಪೊಲೀಸರಿಗೆ ಫೋನ್ ಮಾಡಿ. ತಿಳಿದೂ ತಿಳಿಸದಿರುವುದು ಅಪರಾಧ. ಫೋಟೋ ಕಂಡವರಿಗೆಲ್ಲ ಕಳಿಸಬೇಡಿ. ನಮ್ಮ ಹಿರಿಯರ ಸಮಾಧಿಯಾದರೆ ಹಾಗೆ ಮಾಡುತ್ತೇವಾ? ಇನ್ನೊಂದು, ಫೋರ್ಟ್ ಪಿಯರ್ಸ್ ಸುತ್ತ ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ತರಬೇತಿ ನಡೆದಿತ್ತು. ಡಿಟೆಕ್ಟರ್ ಜೋರಾಗಿ ಕೂಗಿ, ತುಕ್ಕು ಹಿಡಿದ ಕೊಳವೆಯಂಥದ್ದು ಕಂಡರೆ ಅದು ಸಿಡಿಯದೆ ಉಳಿದ ಮದ್ದುಗುಂಡು ಇರಬಹುದು, ಕೈ ಹಾಕದೆ ಹಿಂದೆ ಬಂದು 911ಕ್ಕೆ ಕರೆ ಮಾಡಿ.

ಇಷ್ಟೆಲ್ಲ ಓದಿದ ಮೇಲೂ, ಹೆಚ್ಚು ಸಿಗುವುದು ಯಾರೋ ಕಳೆದುಕೊಂಡ ಉಂಗುರ, ಸರ, ವಾಚು. ಇದಕ್ಕೂ ಕಾನೂನು ಇದೆ. 705ನೇ ಅಧ್ಯಾಯದ ಪ್ರಕಾರ ಸಿಕ್ಕಿದ್ದೇನು, ಎಲ್ಲಿ ಅಂತ ಪೊಲೀಸರಿಗೆ ತಿಳಿಸಬೇಕು. ನಿಮಗೆ ಬೇಕು ಅಂದರೆ ಅಲ್ಲೇ ಹೇಳಿ. 90 ದಿನದಲ್ಲಿ ಮಾಲೀಕರು ಬರದಿದ್ದರೆ ಖರ್ಚು ಕೊಟ್ಟು ಪಡೆಯಬಹುದು. ತಿಳಿಸದೆ ಇಟ್ಟುಕೊಂಡರೆ ಕಳ್ಳತನದ ಲೆಕ್ಕ.

ವೀಸಾದಲ್ಲಿ ಇರುವವರಿಗೆ ಸ್ವಲ್ಪ ಒತ್ತಿ ಹೇಳುತ್ತೇನೆ. ಹವ್ಯಾಸಕ್ಕೆ ಬೀಚಿನಲ್ಲಿ ನಡೆಯುವುದಕ್ಕೆ ಎಚ್-1ಬಿ ಕೆಲಸದ ವೀಸಾ ಅಡ್ಡ ಬರುವುದಿಲ್ಲ. ಮುಳುಗು ಹಾಕುವ ದೋಣಿಯಲ್ಲಿ ಪಾಲಿಗೋ ಕೂಲಿಗೋ ಕೆಲಸ ಮಾಡುವುದು, ಸಿಕ್ಕಿದ್ದನ್ನು ಮಾರುವುದನ್ನೇ ವ್ಯಾಪಾರ ಮಾಡಿಕೊಳ್ಳುವುದು ಬೇರೆ. ಅದಕ್ಕೆ ಮೊದಲು ವಲಸೆ ವಕೀಲರನ್ನು ಕೇಳಿ. ಎಂದಾದರೂ ಬಂಧನವಾಗಿದೆಯಾ ಅನ್ನುವ ಪ್ರಶ್ನೆ ವೀಸಾ ಅರ್ಜಿಯಲ್ಲೂ ಇದೆ, ಪೌರತ್ವದ ಅರ್ಜಿಯಲ್ಲೂ ಇದೆ. ಒಂದು ಬೆಳ್ಳಿ ಬಿಲ್ಲೆಗೆ ಆ ಪ್ರಶ್ನೆಯ ಮುಂದೆ ‘ಹೌದು’ ಬರೆಯುವ ಸ್ಥಿತಿ ತಂದುಕೊಳ್ಳಬೇಡಿ, ದಯವಿಟ್ಟು. ನ್ಯಾಯವಾಗಿ ನಿಮ್ಮದಾದ ವಸ್ತುವಿಗೂ ತೆರಿಗೆ ಇದೆ. ಮಾರದಿದ್ದರೂ ಸರಿ, ಅದು ನಿರ್ವಿವಾದವಾಗಿ ನಿಮ್ಮದಾದ ವರ್ಷ ಅದರ ಮಾರುಕಟ್ಟೆ ಬೆಲೆಯನ್ನು ಆದಾಯ ಅಂತ ತೋರಿಸಬೇಕು.

ನಿಮ್ಮದೇ ಅಂತ ಖಚಿತವಾದ ಹಳೇ ನಾಣ್ಯ ಕೈಗೆ ಬಂದರೆ ಉಜ್ಜಬೇಡಿ. ಹುಣಸೆಹಣ್ಣು ಅಂತೂ ಬೇಡವೇ ಬೇಡ. ಕಡಲ ಬೆಳ್ಳಿ ಕಪ್ಪಗಿರುತ್ತದೆ. ತಿಕ್ಕಿದರೆ ಮುದ್ರೆಯೇ ಅಳಿಸಿಹೋಗುತ್ತದೆ. ಸಿಕ್ಕ ಜಾಗದ ಫೋಟೋ ತೆಗೆದು, ಫೋನಿನ ಮ್ಯಾಪಿನಲ್ಲಿ ಗುರುತು ಹಾಕಿ.

ಮಕ್ಕಳಿಗೆ ಇದೆಲ್ಲ ತೋರಿಸಬೇಕು ಅಂದರೆ ಹರಿಕೇನ್‌ಗೆ ಕಾಯಬೇಕಿಲ್ಲ. ಸೆಬಾಸ್ಟಿಯನ್ ಇನ್‌ಲೆಟ್ ಪಾರ್ಕಿನ ಮೆಕ್‌ಲಾರ್ಟಿ ಟ್ರೆಷರ್ ಮ್ಯೂಸಿಯಂ ಇರುವುದು ಬದುಕುಳಿದ ಸ್ಪೇನಿನವರು ಬೀಡುಬಿಟ್ಟಿದ್ದ ಜಾಗದಲ್ಲೇ. ಫೋರ್ಟ್ ಪಿಯರ್ಸ್‌ನ ಪೆಪ್ಪರ್ ಪಾರ್ಕ್ ಎದುರಿಗೆ, ದಡದಿಂದ ಸುಮಾರು 200 ಗಜ ದೂರದಲ್ಲಿ, ಅದೇ ತಂಡದ ಉರ್ಕಾ ದೆ ಲಿಮಾ ಹಡಗು ಮಲಗಿದೆ. 1987ರಿಂದ ಅದು ರಾಜ್ಯದ ಸಂರಕ್ಷಿತ ತಾಣ. ಈಜು ಚೆನ್ನಾಗಿ ಬಂದರೆ, ಕಡಲು ಶಾಂತವಾಗಿರುವ ಬೇಸಿಗೆಯ ಬೆಳಿಗ್ಗೆ ಸ್ನಾರ್ಕೆಲ್ (ಉಸಿರಾಟದ ಕೊಳವೆ) ಹಾಕಿಕೊಂಡು ಹೋಗಿ ನೋಡಬಹುದು. ಮುಟ್ಟುವಂತಿಲ್ಲ, ತರುವಂತಿಲ್ಲ. ಹತ್ತು ಹದಿನೈದು ಅಡಿ ಕೆಳಗೆ ಹಡಗಿನ ಮರದ ತೊಲೆಗಳ ನಡುವೆ ಮೀನು ಓಡಾಡುತ್ತಿರುತ್ತವೆ. ಒಬ್ಬರೇ ಹೋಗಬೇಡಿ, ಇಬ್ಬರು ಹೋಗಿ. ನೀರಿನಲ್ಲಿ ಜನ ಇದ್ದಾರೆ ಅಂತ ದೋಣಿಗಳಿಗೆ ತೋರಿಸುವ ಡೈವಿಂಗ್ ಬಾವುಟ ಜೊತೆಗಿರಲಿ.