ಬೂಸ್ಟರ್ ಕೊಳ್ಳುವ ಮೊದಲು ಕೇಬಲ್ಲಿನ ತುದಿ ನೋಡಿ

ಆಂಟೆನಾದಿಂದ ಬರುವ ಟಿವಿ ಚಿತ್ರ ಚೌಕಚೌಕವಾಗಿ ಒಡೆಯತೊಡಗಿದರೆ ಹೆಚ್ಚಿನವರು ಬೂಸ್ಟರ್, ಅಂದರೆ ಸಿಗ್ನಲ್ ಹಿಗ್ಗಿಸುವ ಪೆಟ್ಟಿಗೆ, ತಂದು ಟಿವಿಯ ಹಿಂದೆ ಸಿಕ್ಕಿಸುತ್ತಾರೆ. ಅಷ್ಟು ಹೊತ್ತಿಗೆ ಸಿಗ್ನಲ್ ದಾರಿಯಲ್ಲೇ ಸೋರಿಹೋಗಿರುತ್ತದೆ. ಬೂಸ್ಟರ್ ಅದನ್ನು ಮರಳಿ ತರಲಾರದು. ಉಳಿದದ್ದನ್ನು ಅದಕ್ಕೆ ಬೆರೆತ ಬೇಡದ ಅಲೆಗಳ ಗದ್ದಲದ ಸಮೇತ ದೊಡ್ಡದು ಮಾಡುತ್ತದೆ, ಅಷ್ಟೆ. ಡಿಜಿಟಲ್ ಪ್ರಸಾರದಲ್ಲಿ ಮಸುಕು ಚಿತ್ರ ಎಂಬುದಿಲ್ಲ. ಸಿಗ್ನಲ್ ಮಿತಿಗಿಂತ ಮೇಲಿದ್ದರೆ ಚಿತ್ರ ಚೊಕ್ಕ, ತುಸು ಕೆಳಗಿಳಿದರೆ ಚೌಕಚೌಕ, ಇನ್ನೂ ಇಳಿದರೆ ಪರದೆ ಖಾಲಿ. ಹಾಗಾಗಿ ಎರಡು ಮೂರು ಡೆಸಿಬಲ್ (ಸಿಗ್ನಲ್ ಬಲದ ಏರಿಳಿತದ ಅಳತೆ) ಉಳಿಸಿಕೊಂಡರೂ ಹೋದ ಚಾನೆಲ್ ಮರಳಬಹುದು.

ಮೊದಲು ಜಾಗ. ಆಂಟೆನಾವನ್ನು ಎತ್ತರದಲ್ಲಿ, ಮನೆಯ ಹೊರಗೆ, ವಿದ್ಯುತ್ ತಂತಿಗಳಿಂದ ದೂರದಲ್ಲಿ ಕಟ್ಟಿ. ಒಂದು ದಂಡಕ್ಕೆ ಸಾಲಾಗಿ ಅಡ್ಡಕಡ್ಡಿ ಕೂರಿಸಿದ ಯಾಗಿ ಆಂಟೆನಾದಲ್ಲಿ ಗಿಡ್ಡ ಕಡ್ಡಿಗಳಿರುವ ತುದಿ ಪ್ರಸಾರ ಗೋಪುರದತ್ತ ಇರಬೇಕು. ಇದನ್ನು ಹಿಂದುಮುಂದಾಗಿ ಕಟ್ಟುವವರು ಬಹಳ. 500 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 60 ಸೆಂಟಿಮೀಟರ್ ಮಾತ್ರ. ಆದ್ದರಿಂದ ಆಂಟೆನಾವನ್ನು ಒಂದಡಿ ಸರಿಸಿದರೂ ಫಲ ಬದಲಾಗುತ್ತದೆ. ಸರಿಸಿದ ಮೇಲೆ ಹತ್ತು ಸೆಕೆಂಡು ಕಾಯಿರಿ, ಟಿವಿ ಮೆನುವಿನ ಸಿಗ್ನಲ್ ಮೀಟರು ನಿಧಾನ. ನೋಡಬೇಕಾದ್ದು ಕ್ವಾಲಿಟಿಯನ್ನು, ಸ್ಟ್ರೆಂತನ್ನಲ್ಲ.

ಆಂಟೆನಾದಿಂದ ಟಿವಿಗೆ ಬರುವ ಕೇಬಲ್ 75 ಓಮ್‌ನ ಆರ್‌ಜಿ-6 ಬಗೆಯದಾಗಿರಲಿ. ಎರಡೂ ತುದಿಗೆ ಅಚ್ಚುಹಾಕಿದ ಪ್ಲಗ್ ಇರುವ ತೆಳ್ಳನೆಯ ರೆಡಿಮೇಡ್ ವೈರು ಬೇಡವೇ ಬೇಡ.

ಕೆಲಸ ಕೆಡುವುದು ಕೇಬಲ್ಲಿನ ತುದಿಗೆ ಕನೆಕ್ಟರ್ (ಸಾಕೆಟ್ಟಿಗೆ ಸೇರುವ ಲೋಹದ ತುಂಡು) ಹಾಕುವಾಗ. ತುದಿಯಿಂದ 13 ಮಿಲಿಮೀಟರಿನಷ್ಟು ಹೊರಸಿಪ್ಪೆ ತೆಗೆಯಿರಿ. ಒಳಗಿನ ಜಾಲರಿಯ ಎಳೆಗಳನ್ನು ಒಂದೂ ಬಿಡದೆ ಹಿಂದಕ್ಕೆ ಮಡಚಿ ಹೊರಸಿಪ್ಪೆಯ ಮೇಲೆ ಒರಗಿಸಿ. ಕೂದಲೆಳೆಯಷ್ಟು ತಂತಿ ನಡುವಿನ ತಂತಿಗೆ ತಾಗಿದರೂ ಶಾರ್ಟ್ ಆಗುತ್ತದೆ, ಸಿಗ್ನಲ್ ಅಲ್ಲೇ ಸಾಯುತ್ತದೆ. ಬಿಳಿ ನೊರೆಪದರಕ್ಕೆ ಅಂಟಿದ ಫಾಯಿಲ್ ಹಾಗೆಯೇ ಇರಲಿ. ನಂತರ ತುದಿಯ ಅರ್ಧದಷ್ಟು, ಅಂದರೆ ಆರೂವರೆ ಮಿಲಿಮೀಟರಿನಷ್ಟು ನೊರೆಪದರ ತೆಗೆದು ನಡುತಂತಿಯನ್ನು ಬರಿದು ಮಾಡಿ. ಇಲ್ಲಿ ಬ್ಲೇಡನ್ನು ಒತ್ತಬೇಡಿ. ಹೆಚ್ಚಿನ ಕೇಬಲ್‌ಗಳಲ್ಲಿ ಇದು ತಾಮ್ರ ಲೇಪಿಸಿದ ಉಕ್ಕು. ಗೀರು ಬಿದ್ದ ಕಡೆ ಮುಂದೆ ಮುರಿಯುತ್ತದೆ. ಕನೆಕ್ಟರನ್ನು ತಿರುಗಿಸುತ್ತ ಒತ್ತಿ. ನೊರೆಪದರ ಒಳತಳಕ್ಕೆ ಸಮವಾಗಿ ಕೂರಬೇಕು, ತಂತಿ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಮುಂದೆ ಬರಬೇಕು. ತಂತಿ ಗಿಡ್ಡವಾದರೆ ಸಾಕೆಟ್ಟಿಗೆ ಮುಟ್ಟುವುದಿಲ್ಲ. ಬಿಗಿಗೊಳಿಸಲು ಕನೆಕ್ಟರನ್ನು ಸಮವಾಗಿ ಅದುಮುವ ಕಂಪ್ರೆಷನ್ ಟೂಲ್ ಬಳಸಿ. ಇಕ್ಕಳದಲ್ಲಿ ಹಿಚುಕಿದ್ದು ಮತ್ತು ಕೈಯಲ್ಲಿ ತಿರುಪುವ ಅಗ್ಗದ ಕನೆಕ್ಟರು ಎರಡೂ ದಿನ ಕಳೆದಂತೆ ಸಡಿಲವಾಗುತ್ತವೆ, ಹೊರಗಿದ್ದರೆ ನೀರೂ ಇಳಿಯುತ್ತದೆ. ಮುಗಿದ ಮೇಲೆ ಮಲ್ಟಿಮೀಟರಿನಲ್ಲಿ ನಡುತಂತಿ ಮತ್ತು ಕನೆಕ್ಟರಿನ ಮೈ ಪರೀಕ್ಷಿಸಿ. ಎರಡೂ ತುದಿ ಬಿಚ್ಚಿರುವಾಗ ಬೀಪ್ ಬಂದರೆ ಕತ್ತರಿಸಿ ಹೊಸದಾಗಿ ಹಾಕಿ.

ಕೇಬಲ್ ಗೋಡೆಯೊಳಕ್ಕೆ ಹೋಗುವ ಮುನ್ನ ಕೆಳಗೆ ಜೋತುಬೀಳುವ ಒಂದು ಬಳಸು ಬಿಡಿ, ಮಳೆನೀರು ಅಲ್ಲೇ ತೊಟ್ಟಿಕ್ಕಲಿ.

ಒಂದು ಕೇಬಲ್ಲಿನ ಸಿಗ್ನಲ್ಲನ್ನು ಹಲವು ಕಡೆಗೆ ಹಂಚುವ ಸ್ಪ್ಲಿಟರ್ ಬೇಡದಿದ್ದರೆ ಕಿತ್ತುಹಾಕಿ; ಎರಡು ದಾರಿಯದು ಸುಮಾರು ಮೂರೂವರೆ ಡೆಸಿಬಲ್ ನುಂಗುತ್ತದೆ. ಸಂಜೆ ಮಾತ್ರ ಚಿತ್ರ ಒಡೆಯುತ್ತಿದ್ದರೆ ಎಲ್‌ಇಡಿ ದೀಪಗಳನ್ನು ಒಂದೊಂದಾಗಿ ಆರಿಸಿ ನೋಡಿ. ಕಳಪೆ ಡ್ರೈವರ್ (ದೀಪಕ್ಕೆ ವಿದ್ಯುತ್ ಹೊಂದಿಸುವ ಭಾಗ) ಇರುವ ಒಂದೇ ದೀಪ ಚಾನೆಲ್ ಕೆಡಿಸಬಲ್ಲದು.

ಇಷ್ಟಾದರೂ ಸಾಲದಿದ್ದರೆ ಬೂಸ್ಟರ್ ಹಾಕಿ, ಆದರೆ ಆಂಟೆನಾ ಪಕ್ಕದಲ್ಲೇ, ಕಂಬದ ಮೇಲೆ. ಗೋಪುರ ಹತ್ತಿರವಿದ್ದರೆ ಅದೂ ಬೇಡ. ಅತಿಯಾದ ಸಿಗ್ನಲ್ಲಿಗೆ ಟಿವಿಯೊಳಗೆ ಚಾನೆಲ್ ಹಿಡಿಯುವ ಟ್ಯೂನರ್ ಉಸಿರುಗಟ್ಟಿ ಇದ್ದ ಚಾನೆಲ್ಲೂ ಹೋಗುತ್ತದೆ. ಕಂಬದ ಬೂಸ್ಟರಿಗೆ ವಿದ್ಯುತ್ ಇದೇ ಕೇಬಲ್ಲಿನಲ್ಲಿ ಏರುವುದರಿಂದ ನಡುವಿನ ಸ್ಪ್ಲಿಟರ್ ಅದನ್ನು ದಾಟಿಸುವಂಥದ್ದಾಗಿರಬೇಕು. ಕೊನೆಗೆ ಚಾನೆಲ್ ಸ್ಕ್ಯಾನ್ ಮತ್ತೊಮ್ಮೆ ಮಾಡಿ.